ಅಂಗನವಾಡಿಯೋ, ಸರ್ಕಾರಿ ಶಾಲೆಯ ಎಲ್‌ಕೆಜಿಯೋ? ಹೋಗಿ ನೋಡುವ ಬಗೆ

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಕೆಲಸ ಮಾಡಿದ್ದು ತಿ. ನರಸೀಪುರದ ಕಡೆ, 1975ರಲ್ಲಿ ಐಸಿಡಿಎಸ್ (ಅಂಗನವಾಡಿಗಳನ್ನ ನಡೆಸೋ ಸರ್ಕಾರಿ ಕಾರ್ಯಕ್ರಮ) ಶುರುವಾದಾಗ ರಾಜ್ಯದ ಮೊದಲ ಯೋಜನೆ ಬಂದದ್ದು ಈ ತಾಲ್ಲೂಕಿಗೇ. "ಮೇಡಂ, ಮಗೂನ ಎಲ್ಲಿ ಹಾಕೋದು?" ಅಂತ ಈಗಲೂ ಕೇಳ್ತಾರೆ. ನಾನು ಹೇಳೋದು: ಎರಡೂ ಕಡೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಮೊದಲು ವಯಸ್ಸು ನೋಡ್ಕೊಳ್ಳಿ. ಅಂಗನವಾಡಿಗೆ ಮೂರು ತುಂಬಿದರೆ ಸಾಕು, ಎಲ್‌ಕೆಜಿಗೆ ನಾಲ್ಕಾಗಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನೋದು ನಿಯಮ. 2025-26ಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ವರ್ಷಕ್ಕೆ ಏನಿದೆ ಅಂತ ಶಾಲೆಯಲ್ಲೇ ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಹೇಳದೆ ಹೋಗಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ತಾಯಂದಿರ ಸಭೆಯ ದಿನ ಬೇಡ, ಆವತ್ತು ಎಲ್ಲ ಕಡೆಯೂ ರಂಗೋಲಿ ಇರುತ್ತೆ. ಗೋಡೆ ಮೇಲಿನ ಆನೆ ಚಿತ್ರಕ್ಕೆ ಮರುಳಾಗಬೇಡಿ. ಆಟದ ಸಾಮಾನು ಮಕ್ಕಳ ಕೈಲಿದೆಯಾ, ಬೀರುವಿನಲ್ಲಿದೆಯಾ ನೋಡಿ. ಕಳೆದರೆ ಲೆಕ್ಕ ಕೊಡಬೇಕಲ್ಲ ಅಂತ ಬೀಗ ಹಾಕಿಡೋರು ಇದ್ದಾರೆ. ಬಣ್ಣ ಹೋದ, ಮೂಲೆ ಸವೆದ ಮರದ ತುಂಡುಗಳು ಕಂಡರೆ ನನಗೆ ಸಂತೋಷ.

ಅಂಗನವಾಡಿಯಲ್ಲಿ ನಾನು ಮೊದಲು ನೋಡುತ್ತಿದ್ದದ್ದು ತೂಕದ ಪುಸ್ತಕ. ಎಲ್ಲ ಮಕ್ಕಳ ಎದುರೂ 12, 13, 12 ಅಂತ ದುಂಡಗೆ ಬರೆದಿದ್ದರೆ ಅದು ಕಣ್ಣಂದಾಜು. 12.350 ಅಂತಿದ್ದರೆ ಮಗು ನಿಜವಾಗಿ ತಕ್ಕಡಿ ಹತ್ತಿದೆ. ಬೇರೆ ಮಕ್ಕಳ ಪುಟ ನಿಮಗೆ ಬೇಡ. ನಿಮ್ಮ ಮಗುವನ್ನ ಅಲ್ಲೇ ತೂಗಿ ಅಂತ ಕೇಳಿ. ತಕ್ಕಡಿ ಹುಡುಕೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಲ್ಲೇ ಉತ್ತರ ಇರುತ್ತೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: "ನೀವು ಬಿಎಲ್‌ಒ (ಮತದಾರರ ಪಟ್ಟಿ) ಕೆಲಸಕ್ಕೋ ಸರ್ವೆಗೋ ಹೋದ ದಿನ ಮಕ್ಕಳನ್ನ ಯಾರು ನೋಡ್ಕೋತಾರೆ?" ಇದು ಟೀಚರ್ ತಪ್ಪಲ್ಲ, ಅವರ ತಲೆ ಮೇಲೆ ಅಷ್ಟು ಹೊರಿಸಿದ್ದಾರೆ. ಆದರೆ ಸಹಾಯಕಿ ಒಬ್ಬಳೇ ಸಾಂಬಾರೂ ಕುದಿಸಿ ಮಕ್ಕಳನ್ನೂ ಕಾಯಬೇಕಾದರೆ, ಒಲೆ ಬೇರೆ ಕೋಣೆಯಲ್ಲಿದೆಯಾ, ಬಾಗಿಲಿಗೆ ಚಿಲಕ ಇದೆಯಾ ನೋಡಿಕೊಳ್ಳಿ.

ಎಲ್‌ಕೆಜಿ ಕಡೆ ಬಂದರೆ, ಟೀಚರ್ ಹೋದ ವರ್ಷವೂ ಇವರೇನಾ ಅಂತ ವಿಚಾರಿಸಿ. ಅತಿಥಿ ಶಿಕ್ಷಕಿಯರು ಬದಲಾಗುತ್ತಿರುತ್ತಾರೆ. ಶೌಚಾಲಯ ದೊಡ್ಡ ಮಕ್ಕಳ ಅಳತೆಯದ್ದಾ, ಪುಟ್ಟ ಮಗು ಒಂದೇ ಹೋಗಿ ಬರುತ್ತಾ? ನಾಲ್ಕು ವರ್ಷದ ಮಗು ಬೆಳಗಿಂದ ಅ ಆ ತಿದ್ದುತ್ತಾ ಕೂತಿದ್ದರೆ ಹೆಸರು ಇಂಗ್ಲಿಷ್ ಮೀಡಿಯಂ ಅಂತಿದ್ದರೂ ನಾನಂತೂ ಸೇರಿಸಲ್ಲ.

ಮೂರು ವರ್ಷದ ಮಗುವಿಗೆ ನಡೆದು ಹೋಗೋ ದೂರದ ಅಂಗನವಾಡಿಯೇ ಸರಿ ಅಂತ ನನ್ನ ಅಭಿಪ್ರಾಯ. ಬಿಸಿಯೂಟ ಇರುತ್ತೆ, ಹಾಲು ಮೊಟ್ಟೆ ಇರುತ್ತೆ. ನಾಲ್ಕಾದ ಮೇಲೆ ಯಾವ ಟೀಚರ್ ಚೆನ್ನಾಗಿ ಕಥೆ ಹೇಳ್ತಾರೋ ಅವರ ಕಡೆಗೆ. ಸೇರಿಸೋಕೆ ಹೋಗುವಾಗ ತಾಯಿ ಕಾರ್ಡು, ಜನನ ಪತ್ರ, ಆಧಾರ್ ಜೆರಾಕ್ಸ್ ಇಟ್ಕೊಂಡು ಹೋಗಿ.