ಧ್ವನಿಮುದ್ರಣ ತಂತ್ರಾಂಶ: ಉತ್ತರ ಸಿಗುವಂತೆ ಪ್ರಶ್ನೆ ಕೇಳುವುದು ಹೇಗೆ?

ಒಂದು ದೇವರನಾಮವನ್ನೋ ಭಾವಗೀತೆಯನ್ನೋ ಧ್ವನಿಮುದ್ರಿಸಿಕೊಳ್ಳಲು ಈಗ ಸ್ಟುಡಿಯೊವರೆಗೆ ಹೋಗಬೇಕಾಗಿಲ್ಲ. 2000ನೇ ಇಸವಿಯಲ್ಲಿ ಬಿಡುಗಡೆಯಾದ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಆಪಲ್ ಕಂಪ್ಯೂಟರ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ರೀಪರ್ ತಂತ್ರಾಂಶವನ್ನು ಹಣ ಕೊಡುವ ಮೊದಲು 60 ದಿನ ಬಳಸಿ ನೋಡಬಹುದು. ತೊಡಕು ಶುರುವಾಗುವುದು ತಂತ್ರಾಂಶ ಕೈಗೆ ಬಂದ ಮೇಲೆ. ಹಾಡಿದ್ದು ಮುದ್ರಣವಾಗುವುದಿಲ್ಲ, ಮುದ್ರಣವಾದರೂ ತಾಳಕ್ಕೆ ಕೂಡುವುದಿಲ್ಲ, ಕೂಡಿದರೂ ಒಡೆದ ಸದ್ದು ಕೇಳುತ್ತದೆ. ಆಗ ಹೊಸಬರು ಬಲ್ಲವರಿಗೆ “ನನ್ನ ಧ್ವನಿ ರೆಕಾರ್ಡ್ ಆಗುತ್ತಿಲ್ಲ, ಏನು ಮಾಡಲಿ?” ಎಂದು ಒಂದು ಸಾಲು ಬರೆದು ಕಾಯುತ್ತಾರೆ. ಉತ್ತರ ಬಾರದಿದ್ದರೆ ತಮ್ಮ ಪ್ರಶ್ನೆ ತೀರಾ ಸಣ್ಣದಾಯಿತೇನೋ ಎಂದು ಹಿಂಜರಿಯುತ್ತಾರೆ. ಪ್ರಶ್ನೆ ಸಣ್ಣದೆಂಬುದು ಕಾರಣವಲ್ಲ. ಆ ಒಂದು ಸಾಲಿನ ಹಿಂದೆ ಹತ್ತು ಬೇರೆ ಬೇರೆ ದೋಷಗಳು ಇರಬಹುದಾದ್ದರಿಂದ, ಯಾವುದನ್ನು ಹಿಡಿದು ಉತ್ತರಿಸಬೇಕೆಂಬುದು ಓದಿದವರಿಗೆ ತಿಳಿಯುವುದಿಲ್ಲ.

ಮೊದಲು ಧ್ವನಿಯ ದಾರಿಯನ್ನು ಬರೆದುಕೊಳ್ಳಿ

ಒಂದು ಕಾಗದದ ಮೇಲೆ ನಿಮ್ಮ ಧ್ವನಿ ಸಾಗುವ ದಾರಿಯನ್ನು ಬರೆಯಿರಿ: ಮೈಕ್, ಕೇಬಲ್, ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಯುಎಸ್‌ಬಿ, ವಿಂಡೋಸ್ ಅಥವಾ ಮ್ಯಾಕ್, ಕೊನೆಗೆ ತಂತ್ರಾಂಶದ ಟ್ರ್ಯಾಕ್, ಅಂದರೆ ಧ್ವನಿ ಮುದ್ರಣವಾಗುವ ಸಾಲು. ಮೈಕಿನ ಕಡೆಯಿಂದ ಒಂದೊಂದಾಗಿ ನೋಡುತ್ತ ಬಂದರೆ ಧ್ವನಿ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಕಾಣುತ್ತದೆ. ಹಾಡುವಾಗ ಇಂಟರ್‌ಫೇಸಿನ ದೀಪ ಮಿನುಗುತ್ತಿಲ್ಲವೆಂದರೆ ತಂತ್ರಾಂಶವನ್ನು ಶಂಕಿಸುವ ಅಗತ್ಯವೇ ಇಲ್ಲ; ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಜೋಡಿಸುವ ಕಂಡೆನ್ಸರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಬೇಕು, ಅದರ ಗುಂಡಿ ಇಂಟರ್‌ಫೇಸಿನ ಮೇಲೆಯೇ ಇರುತ್ತದೆ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ ಮಟ್ಟದ ಪಟ್ಟಿ ಕುಣಿಯುತ್ತಿದ್ದು, ತಂತ್ರಾಂಶದಲ್ಲಿ ಮಾತ್ರ ಗೆರೆ ಚಪ್ಪಟೆಯಾಗಿದ್ದರೆ ಎರಡು ಕಾರಣಗಳನ್ನು ಮೊದಲು ನೋಡಬೇಕು. ತಂತ್ರಾಂಶವು ಲ್ಯಾಪ್‌ಟಾಪಿನದೇ ಮೈಕನ್ನೋ ಇನ್ನಾವುದನ್ನೋ ಆರಿಸಿಕೊಂಡಿರಬಹುದು. ಇಲ್ಲವೇ ಅದಕ್ಕೆ ಮೈಕ್ ಬಳಸುವ ಅನುಮತಿ ಸಿಕ್ಕಿಲ್ಲದಿರಬಹುದು. ವಿಂಡೋಸಿನ ಪ್ರೈವಸಿ ಸೆಟ್ಟಿಂಗಿನಲ್ಲಿಯೂ, 2018ರ ಮೊಹಾವಿ ಆವೃತ್ತಿಯಿಂದ ಈಚಿನ ಮ್ಯಾಕ್‌ಗಳಲ್ಲಿಯೂ ಈ ಅನುಮತಿಯನ್ನು ನಾವೇ ಕೊಡಬೇಕು. ಎಷ್ಟೋ ಪ್ರಶ್ನೆಗಳು ಕೇಳುವ ಮೊದಲೇ ಇಲ್ಲಿ ಬಗೆಹರಿಯುತ್ತವೆ.

‘ತಡ’ ಎಂದರೆ ಯಾವ ತಡ?

ಹೊಸಬರನ್ನು ಹೆಚ್ಚು ಕಂಗೆಡಿಸುವ ದೂರು “ಧ್ವನಿ ತಡವಾಗಿ ಬರುತ್ತಿದೆ” ಎಂಬುದು. ಇದನ್ನು ಕೇಳುವ ಮೊದಲು ತಡ ಯಾವ ಹೊತ್ತಿನಲ್ಲಿ ಎಂಬುದನ್ನು ಗುರುತಿಸಲೇಬೇಕು, ಏಕೆಂದರೆ ಒಂದೇ ಮಾತಿನಲ್ಲಿ ಎರಡು ಬೇರೆ ದೋಷಗಳು ಅಡಗಿವೆ.

ಹಾಡುತ್ತಿರುವಾಗಲೇ ನಿಮ್ಮ ಧ್ವನಿ ಹೆಡ್‌ಫೋನಿನಲ್ಲಿ ಹಿಂದೆ ಬಿದ್ದು ಕೇಳುವುದು ಮೊದಲನೆಯದು. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ. ಬಫರ್ ಎಂಬ ಬಿಂದಿಗೆ ತುಂಬಿದ ಮೇಲೆ ಒಮ್ಮೆಲೇ ಸಾಗಿಸುತ್ತದೆ. ಅದು ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆಯುತ್ತದೆ; ಒಂದೊಂದು ಅಳತೆಯೂ ಒಂದು ಮಾದರಿ (ಸ್ಯಾಂಪಲ್). ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 256 ಮಾದರಿಗಳ ಬಫರ್ ತುಂಬಲು ಸುಮಾರು 5.3 ಮಿಲಿಸೆಕೆಂಡ್ ಹಿಡಿಯುತ್ತದೆ. 1,024 ಮಾದರಿಗಳಿಗೆ 21 ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಮೊದಲನೆಯದು ಮೃದಂಗದವರು ಎರಡು ಮೀಟರಿನೊಳಗೆ ಕುಳಿತಂತೆ, ಎರಡನೆಯದು ಏಳು ಮೀಟರ್ ಆಚೆ ಕುಳಿತಂತೆ. ಅದೂ ಒಂದು ದಿಕ್ಕಿನ ಲೆಕ್ಕ ಮಾತ್ರ. ಒಳಗೆ ಹೋದ ಧ್ವನಿ ಹೊರಗೂ ಬರಬೇಕು. ಬಫರನ್ನು ಕಿರಿದು ಮಾಡುವುದು, ಅಥವಾ ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿ ಕಂಪ್ಯೂಟರಿಗೆ ಹೋಗುವ ಮೊದಲೇ ಧ್ವನಿಯನ್ನು ಕೇಳಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಹಾಡುವಾಗ ಎಲ್ಲವೂ ಸರಿಯಿದ್ದು, ಮುಗಿಸಿ ಕೇಳಿದಾಗ ಹಾಡು ತಬಲಾದ ಹಿಂದೆ ಬೀಳುವುದು ಎರಡನೆಯ ದೋಷ. ಇಲ್ಲಿ ತಂತ್ರಾಂಶವು ಹೊಸ ಟ್ರ್ಯಾಕನ್ನು ತಪ್ಪಾದ ಜಾಗದಲ್ಲಿ ಇರಿಸಿದೆ. ಆಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಎಂಬ ಅಂಕಿ ಇದನ್ನು ಸರಿದೂಗಿಸಲೆಂದೇ ಇದೆ. ಮೊದಲಿಗೆ ಅದು −130 ಮಿಲಿಸೆಕೆಂಡ್ ಇರುತ್ತದೆ, ಅದು ಎಲ್ಲರ ಯಂತ್ರಕ್ಕೂ ಹೊಂದುವುದಿಲ್ಲ. ಬರಿಯ ತಂಬೂರಿಯ ಶ್ರುತಿಯ ಮೇಲೆ ಹಾಡಿದವರಿಗೆ ಈ ದೋಷ ಕಾಣಿಸುವುದೇ ಇಲ್ಲ, ತಾಳದ ಟ್ರ್ಯಾಕ್ ಬಂದಾಗಲೇ ಬಯಲಾಗುತ್ತದೆ. ಹೀಗಾಗಿ “ನಿನ್ನೆಯವರೆಗೆ ಸರಿಯಿತ್ತು” ಎಂಬ ಮಾತನ್ನು ಪ್ರಶ್ನೆಯಲ್ಲಿ ಸೇರಿಸುವ ಮೊದಲು, ನಿನ್ನೆ ಏನನ್ನು ಕೇಳುತ್ತ ಹಾಡಿದಿರಿ ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ತಡ ಎಷ್ಟೆಂದು ಅಳೆಯುವುದೂ ಕಷ್ಟವಲ್ಲ. ತಂತ್ರಾಂಶದಲ್ಲಿ ಒಂದು ಮೆಟ್ರೊನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಲಯದ ಸದ್ದು) ಟ್ರ್ಯಾಕ್ ಮಾಡಿಕೊಂಡು, ಹೆಡ್‌ಫೋನಿನ ಒಂದು ಬದಿಯನ್ನು ಮೈಕಿಗೆ ಒತ್ತಿ ಹಿಡಿದು ಧ್ವನಿಮುದ್ರಿಸಿ, ಎರಡೂ ಟ್ರ್ಯಾಕ್‌ಗಳನ್ನು ಹಿಗ್ಗಿಸಿ ನೋಡಿದರೆ ನಡುವಿನ ಅಂತರ ಕಣ್ಣಿಗೆ ಕಾಣುತ್ತದೆ. “ಸ್ವಲ್ಪ ತಡವಾಗುತ್ತದೆ” ಎಂಬುದಕ್ಕಿಂತ “80 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ” ಎಂಬ ವಾಕ್ಯಕ್ಕೆ ಬೇಗ ಉತ್ತರ ಸಿಗುತ್ತದೆ.

ಹೆಡ್‌ಫೋನನ್ನು ಮರೆಯಬೇಡಿ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್, ತಂತ್ರಾಂಶದ ಆವೃತ್ತಿಯ ಪೂರ್ತಿ ಸಂಖ್ಯೆ, ಮೈಕ್ ಮತ್ತು ಇಂಟರ್‌ಫೇಸಿನ ಮಾಡೆಲ್ ಹೆಸರು, 44,100 ಅಥವಾ 48,000 ಎಂಬ ಮಾದರಿ ದರ: ಇವನ್ನು ಹೇಳಬೇಕೆಂಬುದು ಅನೇಕರಿಗೆ ಗೊತ್ತು. ಬಿಟ್ಟುಹೋಗುವುದು ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನಿನಲ್ಲಿ ವಿಳಂಬ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ಅದರದೇ ಮೈಕನ್ನೂ ಬಳಸಿದರಂತೂ ಅನೇಕ ವೇಳೆ ಇಡೀ ಸಂಪರ್ಕ ದೂರವಾಣಿಯ ಮಟ್ಟಕ್ಕೆ ಇಳಿದು, ಹಾಡು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ತಂತಿಯ ಹೆಡ್‌ಫೋನ್ ಹಾಕಿ ಮತ್ತೊಮ್ಮೆ ಪ್ರಯತ್ನಿಸಿ, ಆ ಫಲಿತಾಂಶವನ್ನೂ ಬರೆಯಿರಿ.

ಉಪಾಯವನ್ನಲ್ಲ, ಉದ್ದೇಶವನ್ನು ಹೇಳಿ

“ಧ್ವನಿಮುದ್ರಣದಿಂದ ತಂಬೂರಿಯ ಸದ್ದನ್ನು ಅಳಿಸುವುದು ಹೇಗೆ?” ಎಂದು ಕೇಳಿದರೆ, ನಾಯ್ಸ್ ರಿಡಕ್ಷನ್ ಬಳಸಿ ಎಂಬ ಸಲಹೆ ಬರಬಹುದು. ಆ ಸೌಲಭ್ಯ ಇರುವುದು ಫ್ಯಾನಿನ ಮೊರೆತದಂತಹ ಏಕಪ್ರಕಾರದ ಸದ್ದಿಗೆ. ತಂಬೂರಿಯ ಸ್ವರಗಳು ಗಾಯಕರ ಸ್ವರಗಳ ಜೊತೆಗೇ ಬೆರೆತಿರುವುದರಿಂದ ಅಳಿಸಲು ಹೋದರೆ ಕಂಠವೂ ಕೆಡುತ್ತದೆ. ಅದೇ ವ್ಯಕ್ತಿ “ಫೋನಿನ ಸ್ಪೀಕರಿನಲ್ಲಿ ಶ್ರುತಿ ಹಾಕಿಕೊಂಡು ಹಾಡುತ್ತೇನೆ, ಆದರೆ ನನಗೆ ಬರಿಯ ಧ್ವನಿ ಬೇಕು” ಎಂದಿದ್ದರೆ, ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿ ಎಂಬ ಸರಿಯಾದ ಉತ್ತರ ಒಂದೇ ಸಾಲಿನಲ್ಲಿ ಸಿಗುತ್ತಿತ್ತು.

ಇಷ್ಟು ಸಿದ್ಧವಾದ ಮೇಲೆ ಪ್ರಶ್ನೆಯನ್ನು ಹೀಗೆ ಬರೆಯಬಹುದು: “ನಮಸ್ಕಾರ. ತಬಲಾದ ಟ್ರ್ಯಾಕ್ ಕೇಳುತ್ತ ಭಾವಗೀತೆಯೊಂದನ್ನು ಹಾಡಿ ಮುದ್ರಿಸಿಕೊಳ್ಳುತ್ತಿದ್ದೇನೆ. ಹಾಡುವಾಗ ತೊಂದರೆಯಿಲ್ಲ, ಮತ್ತೆ ಕೇಳಿದಾಗ ಧ್ವನಿ ಸುಮಾರು 80 ಮಿಲಿಸೆಕೆಂಡ್ ಹಿಂದಿರುತ್ತದೆ. ವಿಂಡೋಸ್ 11, ಆಡಾಸಿಟಿ, ಯುಎಸ್‌ಬಿ ಮೈಕ್, ತಂತಿಯ ಹೆಡ್‌ಫೋನ್. ಬಫರನ್ನು ಬದಲಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಮುಂದೆ ಯಾವುದನ್ನು ಪರೀಕ್ಷಿಸಬೇಕು?” ಇದಕ್ಕೆ ನಿಮ್ಮ ಆವೃತ್ತಿಯ ಸಂಖ್ಯೆಯನ್ನೂ ಮೈಕಿನ ಹೆಸರನ್ನೂ ಸೇರಿಸಿ.

ಸದ್ದು ಒಡೆಯುತ್ತಿದೆ, ಗುಂಯ್‌ಗುಡುತ್ತಿದೆ ಎಂಬಂತಹ ದೂರಾದರೆ ಮಾತಿಗಿಂತ ಮಾದರಿ ಮೇಲು. ಯಾವ ಎಫೆಕ್ಟನ್ನೂ ಹಾಕದ ಹತ್ತು ಸೆಕೆಂಡುಗಳ ತುಣುಕನ್ನು ವೇವ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಕಳುಹಿಸಿ. 16 ಬಿಟ್, ಮೋನೊ, 44,100 ದರದಲ್ಲಿ ಅದು ಒಂದು ಎಂಬಿಗಿಂತ ಕಡಿಮೆ ಇರುತ್ತದೆ. ಸೇವ್ ಮಾಡಿದಾಗ ಸಿಗುವ ಪ್ರಾಜೆಕ್ಟ್ ಕಡತ ಬೇರೆ, ಎಕ್ಸ್‌ಪೋರ್ಟ್ ಮಾಡಿದ ಕಡತ ಬೇರೆ ಎಂಬುದು ನೆನಪಿರಲಿ. ಪರದೆಯನ್ನು ತೋರಿಸಬೇಕಿದ್ದರೆ ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ, ಇಡೀ ಕಿಟಕಿಯ ಸ್ಕ್ರೀನ್‌ಶಾಟ್ ಇರಲಿ.

ಸಲಹೆ ಬಂದ ಮೇಲೆ ಒಂದು ಸಲಕ್ಕೆ ಒಂದೇ ಸೆಟ್ಟಿಂಗನ್ನು ಬದಲಿಸಿ, ಫಲಿತಾಂಶವನ್ನು ಅದೇ ಪ್ರಶ್ನೆಯ ಕೆಳಗೆ ಬರೆಯಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ನಿಮಗೂ ತಿಳಿಯುವುದಿಲ್ಲ, ಮುಂದೆ ಇದೇ ತೊಂದರೆ ಹೊತ್ತು ಬರುವವರಿಗೂ ತಿಳಿಯುವುದಿಲ್ಲ.