ರಾಶಿ ಬಿದ್ದಿದ್ದು ಡ್ರಿಲ್ಲಿನ ಮುಂದೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೊರೆಯುವ ಮಷಿನ್), ಒಂದು ರೇಡಿಯಲ್ ಡ್ರಿಲ್ (ತೂತು ಕೊರೆಯುವ ಮಷಿನ್), ನನ್ನನ್ನು ಬಿಟ್ಟು ಒಂಬತ್ತು ಜನ. ಫೌಂಡ್ರಿಯಿಂದ ಬೇರಿಂಗ್ ಕೂರುವ ಕವಚ, ಅಂದರೆ ಬೇರಿಂಗ್ ಹೌಸಿಂಗ್‌ನ ಕಾಸ್ಟಿಂಗ್ (ಎರಕದ ಪೀಸು) ತಂದು, ಲೇತಿನಲ್ಲಿ ಬೋರ್ ಮಾಡಿ (ನಡುವಿನ ರಂಧ್ರವನ್ನು ಅಳತೆಗೆ ತಂದು), ಡ್ರಿಲ್ಲಿನಲ್ಲಿ ನಾಲ್ಕು ತೂತು ಕೊರೆದು, ಟ್ಯಾಪ್ ಹೊಡೆದು (ಬೋಲ್ಟ್ ಕೂರಲು ತಿರುಪಿನ ಎಳೆ ಕೊರೆದು) ಕಳಿಸುತ್ತೇವೆ. ಹಲವು ವರ್ಷ ನಾನು ಸಂಜೆ ನೋಡುತ್ತಿದ್ದದ್ದು ಲೇತಿನ ಕೌಂಟರ್ ಒಂದನ್ನೇ. ಅಂಕಿ ಇನ್ನೂ ಏರಲಿ ಅಂತ ಲೇತಿನ ಹುಡುಗರಿಗೆ ಪೀಸಿಗಿಷ್ಟು ಇನ್ಸೆಂಟಿವ್ ಬೇರೆ ಇಟ್ಟೆ.

ಅದೇ ನಾನು ಮಾಡಿದ ದೊಡ್ಡ ತಪ್ಪು. ಒಂದು ಲೇತಿಗೆ ಆರು ನಿಮಿಷಕ್ಕೊಂದು ಪೀಸು, ಎರಡೂ ಸೇರಿ ತಾಸಿಗೆ 20. ಡ್ರಿಲ್ಲಿಗೆ ಐದು ನಿಮಿಷ ಬೇಕು, ಅಂದರೆ ತಾಸಿಗೆ 12. ಮಿಕ್ಕಿದ್ದೆಲ್ಲ ಡ್ರಿಲ್ಲಿನ ಮುಂದೆ ರಾಶಿ. ಫೌಂಡ್ರಿಗೆ ದುಡ್ಡು ಕೊಡುವ ದಿನ ಬಂದರೂ ಮಾಲು ನೆಲದ ಮೇಲೇ ಇರುತ್ತಿತ್ತು. ಒಮ್ಮೆ ಲೇತಿಗೆ ಕೊಟ್ಟ ಟೂಲಿನ ಅಳತೆ (ಆಫ್‌ಸೆಟ್) ತಪ್ಪಿ ಬೋರ್ ದೊಡ್ಡದಾದ 60 ಪೀಸು ಆ ರಾಶಿಯೊಳಗೆ ಎಂಟು ದಿನ ಬಿದ್ದಿದ್ದವು. ಗೊತ್ತಾಗುವ ಹೊತ್ತಿಗೆ ಅಷ್ಟೂ ಗುಜರಿ.

ಆಮೇಲೆ ಲೆಕ್ಕದ ರೀತಿಯನ್ನೇ ಬದಲಿಸಿದೆ. ಉತ್ಪಾದಕತೆ ಅಂದರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು. ಬಂದದ್ದು ಅಂತ ನಾನು ಹಿಡಿದದ್ದು ಅಳತೆಯಲ್ಲಿ ಪಾಸಾಗಿ ಟೆಂಪೋ ಹತ್ತಿದ ಪೀಸುಗಳನ್ನು ಮಾತ್ರ. ಆ ವಾರ 348 ಪೀಸು ಹೋಗಿದ್ದವು. ಒಂಬತ್ತು ಜನ, ಆರು ದಿನ, ಎಂಟೆಂಟು ತಾಸು: 432 ತಾಸಿನ ದುಡಿಮೆ. ಒಬ್ಬರ ಒಂದು ತಾಸಿಗೆ 0.81 ಪೀಸು. ಆ ಅಂಕಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸ್ಟಾಪ್‌ವಾಚ್ ಹಿಡಿದು ಡ್ರಿಲ್ಲಿನ ಹತ್ತಿರ ನಿಂತೆ. ನಮ್ಮ ಡ್ರಿಲ್ ಕಾಕಾ ಅಪ್ಪನ ಕಾಲದಿಂದ ಇದ್ದವರು. ಒಂದು ತಾಸು ಸುಮ್ಮನಿದ್ದು, ಕೈ ಒರೆಸಿಕೊಂಡು ಹೇಳಿದರು: "ಮಾಲಕ್ರ, ಗಡಿಯಾರ ನನ್ನ ಮ್ಯಾಲ ಹಿಡೀಬ್ಯಾಡ್ರಿ. ಮಷಿನ್ ಯಾವಾಗ ನಿಲ್ಲತೈತಿ, ಯಾಕ ನಿಲ್ಲತೈತಿ, ಅದನ್ನ ಬರೀರಿ." ಅವರ ಮಾತು ನೂರಕ್ಕೆ ನೂರು ಖರೆ ಇತ್ತು. ಡ್ರಿಲ್ಲಿನ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿದೆ. ನಿಂತ ಹೊತ್ತು, ಕಾರಣ ಎರಡನ್ನೂ ಕಾಕಾನೇ ಸೀಮೆಸುಣ್ಣದಲ್ಲಿ ಬರೆಯತೊಡಗಿದರು.

ವಾರದ 48 ತಾಸಿನಲ್ಲಿ ಡ್ರಿಲ್ ಓಡಿದ್ದು ಬರೀ 31. ಸೈಜ್ ಬದಲಾದಾಗ ಸೆಟ್ಟಿಂಗಿಗೆ ಆರು ತಾಸು, ಬಿಟ್ (ಕೊರೆಯುವ ಮೊನೆ) ಹುಡುಕಿ ಗ್ರೈಂಡರಿಗೆ ಹೋಗಿ ಮಸೆಯಲು ನಾಲ್ಕು, ಊಟಕ್ಕೆ ಮೂರು. ಉಳಿದದ್ದು ಚಿಲ್ಲರೆ. ಎಂ12 (12 ಎಂಎಂ ಬೋಲ್ಟಿನ) ಟ್ಯಾಪಿಗೆ ಬೇಕಾದ 10.2 ಎಂಎಂ ಬಿಟ್ಟಿಗಾಗಿ ಅರವತ್ತರ ಹತ್ತಿರದ ಮನುಷ್ಯ ಮೂರು ಡ್ರಾವರ್ ತೆಗೆದು ತಡಕಾಡುವುದನ್ನು ನಾನು ಅಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಜಪಾನಿನ ಶಿಗೆಯೊ ಶಿಂಗೊ ಟೊಯೊಟಾದಲ್ಲಿ 1,000 ಟನ್ ಪ್ರೆಸ್ಸಿನ ಸೆಟ್ಟಿಂಗನ್ನು 4 ತಾಸಿನಿಂದ 3 ನಿಮಿಷಕ್ಕೆ ಇಳಿಸಿದ್ದರು. ಮಷಿನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ಮಷಿನ್ ನಿಲ್ಲಿಸಿ ಮಾಡಬಾರದು ಅನ್ನುವುದು ಅವರ ಪದ್ಧತಿಯ ತಿರುಳು. ನಾವೂ ಪೀಸನ್ನು ಹಿಡಿದು ಬಿಟ್ಟಿಗೆ ದಾರಿ ತೋರಿಸುವ ಚೌಕಟ್ಟು, ಅಂದರೆ ಜಿಗ್, ಇನ್ನೊಂದು ಮಾಡಿಸಿದೆವು. ಮುಂದಿನ ಸೈಜಿನದ್ದು ಮೊದಲೇ ತಯಾರಾಗಿರುತ್ತದೆ. ಮಸೆದ ಬಿಟ್ಟುಗಳು ಬೆಳಿಗ್ಗೆಯೇ ಸೈಜು ಬರೆದ ಹಲಗೆಯಲ್ಲಿ ನಿಂತಿರುತ್ತವೆ. ಊಟದ ಹೊತ್ತಿನಲ್ಲಿ ಲೇತಿನ ಹುಡುಗನೊಬ್ಬ ಡ್ರಿಲ್ ನೋಡಿಕೊಳ್ಳುತ್ತಾನೆ. ರಾಶಿಗೆ 40 ಪೀಸಿನ ಗೆರೆ ಎಳೆದೆ, ಅದು ದಾಟಿದರೆ ಲೇತ್ ಬಂದ್.

ಲೇತ್ ನಿಲ್ಲಿಸುವುದು ನನಗೇ ಕರುಳು ಹಿಂಡಿದ ಹಾಗಾಗುತ್ತಿತ್ತು. ಪೀಸಿನ ಇನ್ಸೆಂಟಿವ್ ತೆಗೆದಾಗ ಹುಡುಗರು ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಟೆಂಪೋ ಹತ್ತಿದ ಪೀಸಿನ ಮೇಲೆ ಒಂಬತ್ತೂ ಜನಕ್ಕೆ ಸಮಪಾಲು ಕೊಡತೊಡಗಿದ ಮೇಲೆ ಸರಿಹೋಯಿತು.

ಮೂರು ತಿಂಗಳಿಗೆ ಡ್ರಿಲ್ ವಾರಕ್ಕೆ 42 ತಾಸು ಓಡಿತು. 504ರಲ್ಲಿ ರಿಜೆಕ್ಟ್ 8; ಹೊರಹೋದವು 496. ಅದೇ ಜನ, ಅದೇ 432 ತಾಸು. 0.81 ಇದ್ದದ್ದು 1.15 ಆಯಿತು.

ಈ ಒಂದೇ ಅಂಕಿಯನ್ನು ನಂಬಬಾರದು. ನಾಳೆ ಸಾಲ ಮಾಡಿ ಹೊಸ ಮಷಿನ್ ತಂದರೆ ಜನರ ತಾಸಿನ ಲೆಕ್ಕ ಏರುತ್ತದೆ, ಬಡ್ಡಿ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಮಾರಾಟದಿಂದ ಕಾಸ್ಟಿಂಗಿನ ಬೆಲೆ ಕಳೆದು, ಉಳಿದದ್ದನ್ನು ಪಗಾರ, ಕರೆಂಟ್, ಟೂಲ್, ಕಂತು ಎಲ್ಲ ಕೂಡಿಸಿದ ಮೊತ್ತದಿಂದ ಭಾಗಿಸುತ್ತೇನೆ.

ಈಗ ರಾಶಿ ಅಳತೆ ನೋಡುವ ಮೇಜಿನ ಮುಂದೆ ಬೀಳತೊಡಗಿದೆ. ಸೋಮವಾರ ಕಾಕಾ ಹಲಗೆ ಒರೆಸಿ ಅಲ್ಲಿಗೆ ಒಯ್ದು ತೂಗುಹಾಕಿದರು.