ಅರ್ಧ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯೋದು ಹೇಗೆ?

ಜೀವಿಯ ಗುಣಗಳ ಮಾಹಿತಿ ಹೊತ್ತ ಎಳೆಯೇ ಡಿಎನ್‌ಎ. ಅದನ್ನು ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ, ಅಡುಗೆಮನೆ ಸಾಕು. 1869ರಲ್ಲಿ ಸ್ವಿಸ್ ವಿಜ್ಞಾನಿ ಫ್ರೀಡ್ರಿಶ್ ಮೀಶರ್ ಅದನ್ನು ಮೊದಲು ಬೇರ್ಪಡಿಸಿದ್ದೂ ಜರ್ಮನಿಯ ಟ್ಯೂಬಿಂಗೆನ್ ಕೋಟೆಯ ಹಳೇ ಅಡುಗೆಮನೆಯಲ್ಲೇ. ಅವರು ಬಳಸಿದ್ದು ಆಸ್ಪತ್ರೆ ಬ್ಯಾಂಡೇಜಿಗೆ ಮೆತ್ತಿಕೊಂಡಿದ್ದ ಕೀವು! ನಮಗೆ ಬಾಳೆಹಣ್ಣೇ ವಾಸಿ, ಅಲ್ವಾ?

ಚೆನ್ನಾಗಿ ಕಳಿತ ಪಚ್ಚಬಾಳೆ ತೆಗೆದುಕೊಳ್ಳಿ. ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳು (ಡಿಎನ್‌ಎ ಸುತ್ತಿಟ್ಟ ಕಟ್ಟುಗಳು, ಅಂದರೆ ಕ್ರೋಮೋಸೋಮ್) 2 ಸೆಟ್. ಪಚ್ಚಬಾಳೆಯಲ್ಲಿ 3 ಸೆಟ್, ಒಟ್ಟು 33. ಅದರಲ್ಲಿ ಬೀಜ ಕಟ್ಟದಿರಲು ಇದೂ ಒಂದು ಕಾರಣ.

ಮೊದಲು ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿಯನ್ನು ಐಸ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಬೇಗ ಹೊತ್ತಿಕೊಳ್ಳುವ ವಸ್ತು, ಒಲೆ ಹತ್ತಿರ ಬೇಡ. ಸ್ಯಾನಿಟೈಸರ್ ಜೆಲ್ ಇದಕ್ಕೆ ಆಗದು.

ಅರ್ಧ ಹಣ್ಣನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟಿಲ್ಲದಂತೆ ಕಿವುಚಿ. ಅರ್ಧ ಲೋಟ ನೀರಿಗೆ ಅರ್ಧ ಚಮಚ ಉಪ್ಪು, 2 ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕರಗಿಸಿ, ಹಣ್ಣಿಗೆ ಬೆರೆಸಿ. ನಿಧಾನವಾಗಿ ಕಲಸಿ. ನಾನು ಮೊದಲ ಸಲ ಅವಸರಪಟ್ಟು ಮಿಕ್ಸಿಗೆ ಹಾಕಿದೆ. ಬರೀ ನೊರೆ!

ಜೀವಕೋಶಕ್ಕೆ ಒಂದು ಪೊರೆ, ಒಳಗಿನ ಕೋಶಕೇಂದ್ರಕ್ಕೆ ಇನ್ನೊಂದು. ಎರಡರಲ್ಲೂ ಜಿಡ್ಡಿನ ಅಂಶವಿದೆ. ತುಪ್ಪದ ಪಾತ್ರೆಯ ಜಿಡ್ಡು ಬಿಡಿಸುವ ಸೋಪೇ ಈ ಪೊರೆಗಳನ್ನೂ ಬಿಚ್ಚುತ್ತದೆ. ಕೋಶಕೇಂದ್ರದೊಳಗೆ ಸುತ್ತಿಟ್ಟ ಡಿಎನ್‌ಎ ಹೊರಬರುತ್ತದೆ. ಅದನ್ನು ಎಷ್ಟು ಒತ್ತಾಗಿ ಸುತ್ತಿರುತ್ತದೆ ಗೊತ್ತಾ? ನಮ್ಮ ಒಂದೇ ಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಸುಮಾರು 2 ಮೀಟರ್. ಅದು ಕೂತಿರುವ ಕೋಶಕೇಂದ್ರ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಡಿಎನ್‌ಎ ಎಳೆಗಳಿಗೆ ಋಣ (ನೆಗೆಟಿವ್) ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ಜಗಳ ಬಿಡಿಸಿ ಒಟ್ಟುಗೂಡಲು ಬಿಡುತ್ತದೆ.

ಹತ್ತು ನಿಮಿಷ ಬಿಟ್ಟು ಕಾಫಿ ಫಿಲ್ಟರ್ ಕಾಗದದಲ್ಲೋ ತೆಳು ಬಟ್ಟೆಯಲ್ಲೋ ಸೋಸಿ. ಹಿಂಡಬೇಡಿ.

ಸೋಸಿದ್ದನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ. ಲೋಟ ಓರೆ ಮಾಡಿ, ತಣ್ಣಗಿನ ಆಲ್ಕೋಹಾಲ್ ಅಷ್ಟೇ ಪ್ರಮಾಣದಲ್ಲಿ ಗೋಡೆಗುಂಟ ಇಳಿಬಿಡಿ. ಕಲಕಬಾರದು. ಅದು ಮೇಲೆ ಬೇರೆ ಪದರವಾಗಿ ನಿಲ್ಲಬೇಕು. ಡಿಎನ್‌ಎ ಅದರಲ್ಲಿ ಕರಗದು. ಐದು ನಿಮಿಷದಲ್ಲಿ ಎರಡು ಪದರ ಸೇರುವ ಕಡೆ ಬಿಳಿ ಲೋಳೆ ಏಳುತ್ತದೆ, ನಡುನಡುವೆ ಸಣ್ಣ ಗುಳ್ಳೆ.

ಟೂತ್‌ಪಿಕ್‌ನಿಂದ ಸುತ್ತಿ ಎತ್ತಿ. ಇದು ಒಂದು ಎಳೆಯಲ್ಲ, ಲಕ್ಷಗಟ್ಟಲೆ ಕೋಶಗಳ ಡಿಎನ್‌ಎ ಮುದ್ದೆ. ಜೊತೆಗೆ ಒಂದಿಷ್ಟು ಪ್ರೋಟೀನು, ಹಣ್ಣಿನ ಪೆಕ್ಟಿನ್ ಎಂಬ ಅಂಟು ಪದಾರ್ಥ ಕೂಡ ಅಂಟಿರುತ್ತದೆ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಉಳಿದ ಅರ್ಧ ಹಣ್ಣು ಅವರಿಗೇ ಕೊಡಿ.